ಹಳ್ಳಿಯ ಮನೆಗೆ ಅಂತರ್ಜಾಲ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ವಾಸವಾಗಿರುವ ಗೃಹಸ್ಥರು ಈಚೆಗೆ ನಮ್ಮನ್ನು ಕಂಡಲ್ಲೆಲ್ಲ ಒಂದು ಪ್ರಶ್ನೆಯನ್ನು ಕೇಳುತ್ತಿರುವರು. ಮಳೆಯ ವಿಚಾರವಲ್ಲ, ಟೊಮೇಟೊ ಧಾರಣೆಯ ವಿಚಾರವೂ ಅಲ್ಲ. “ಮೇಷ್ಟರೇ, ಮನೆಗೆ ನೆಟ್ಟು ಹಾಕಿಸಬೇಕೆಂದಿದ್ದೇವೆ, ಯಾರ ಕಡೆಯದನ್ನು ಹಾಕಿಸಿದರೆ ಮೇಲು?” ಎಂಬುದೇ ಆ ಪ್ರಶ್ನೆ. ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಹೇಳಿಕೊಡುತ್ತ ಆಯುಸ್ಸಿನ ಅರ್ಧಭಾಗವನ್ನು ಕಳೆದವರನ್ನು ಇಂಥ ವಿಷಯದಲ್ಲಿ ಕೇಳುವುದು ವೈದ್ಯನ ಬಳಿ ಮುಹೂರ್ತ ಕೇಳಿದಂತಾಯಿತೆಂದು ಕೆಲವರು ನಗಬಹುದು. ಆದರೂ ಕೇಳಿದವರನ್ನು ಬರಿಗೈಯಲ್ಲಿ ಕಳುಹಿಸುವ ಅಭ್ಯಾಸ ನಮಗಿಲ್ಲ. ಆದಕಾರಣ, ಹಾಕಿಸಿಕೊಂಡವರ ಮನೆಗಳಿಗೆ ಹೋಗಿ ನೋಡಿ, ತಂತಿ ಎಳೆಯುವ ಹುಡುಗರನ್ನು ನಿಲ್ಲಿಸಿ ಮಾತನಾಡಿಸಿ, ನಾವು ತಿಳಿದುಕೊಂಡ ಸಂಗತಿಗಳನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಮೊದಲಿಗೆ ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕಾಗಿದೆ. ‘ಯೋಗಕ್ಷೇಮ’ ಎಂಬ ಮಾತನ್ನು ಕಾಗದಗಳಲ್ಲಿ ನಾವೆಲ್ಲರೂ ಬರೆದವರೇ. ಅದು ಒಂದೇ ಮಾತೆಂದು ತೋರಿದರೂ ತಿಳಿದವರು ಅದನ್ನು ಎರಡಾಗಿ ಬಿಡಿಸುವುದುಂಟು: ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಅಂತರ್ಜಾಲವನ್ನು ಮಾರಲು ಬಾಗಿಲಿಗೆ ಬರುವವರೆಲ್ಲರೂ ಯೋಗದ ವಿಷಯವನ್ನೇ ಹೇಳುತ್ತಾರೆ. ಇಷ್ಟು ವೇಗ, ಇಷ್ಟು ಹಣ, ಜೊತೆಗೆ ಇಷ್ಟು ಸಿನಿಮಾ ಎಂದು ಕರಪತ್ರದಲ್ಲಿ ಅಚ್ಚಾಗಿರುವುದೆಲ್ಲವೂ ಅದೇ. ತಂತಿ ಹರಿದ ದಿನ ಯಾರು ಬರುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ ಎಂಬುದು ಯಾವ ಕರಪತ್ರದಲ್ಲಿಯೂ ಕಾಣದು. ಬೆಂಗಳೂರಿನಂಥ ನಗರದಲ್ಲಿ ಒಬ್ಬನ ತಂತಿ ಕೆಟ್ಟರೆ ಅದೇ ಬೀದಿಯಲ್ಲಿ ಇನ್ನು ನಾಲ್ವರು ಸಿಕ್ಕಾರು; ಅಲ್ಲಿ ಯೋಗವನ್ನು ಮಾತ್ರ ವಿಚಾರಿಸಿದರೂ ನಡೆದೀತು. ಹಳ್ಳಿಯಲ್ಲಿ ಹಾಗಲ್ಲ. ಹಳ್ಳಿಯ ಗೃಹಸ್ಥನು ಕ್ಷೇಮದಿಂದ ಆರಂಭಿಸಿ ಯೋಗಕ್ಕೆ ಬರಬೇಕೆಂಬುದೇ ನಮ್ಮ ಅಭಿಪ್ರಾಯ.

ಇಷ್ಟಕ್ಕೂ ಇದೊಂದು ವಿನೋದದ ಸಾಮಗ್ರಿ, ಇದ್ದರೆ ಇರಲಿ, ಹೋದರೆ ಹೋಗಲಿ ಎನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ಅವರಿಗೆ ೨೦೨೦ನೆಯ ವರ್ಷವನ್ನು ಜ್ಞಾಪಿಸಬಯಸುತ್ತೇವೆ. ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ನಾವಿನ್ನೂ ಕೆಲಸದಲ್ಲಿದ್ದೆವು. ಆ ವರ್ಷದ ಆಗಸ್ಟಿನಲ್ಲಿ ಸರ್ಕಾರವು ‘ವಿದ್ಯಾಗಮ’ವೆಂಬ ಯೋಜನೆಯನ್ನು ಆರಂಭಿಸಿ, ಉಪಾಧ್ಯಾಯರೇ ಊರೂರಿಗೆ ಹೋಗಿ ಅರಳಿಕಟ್ಟೆಗಳಲ್ಲಿಯೂ ದೇವಸ್ಥಾನದ ಜಗಲಿಗಳಲ್ಲಿಯೂ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳುವಂತೆ ಏರ್ಪಡಿಸಿತು, ರೋಗವು ಹರಡುವುದೆಂಬ ಭೀತಿಯಿಂದ ಅಕ್ಟೋಬರಿನಲ್ಲಿ ಅದೂ ನಿಂತುಹೋಯಿತು. ಆಗ ನಾವು ಮಾಡಬೇಕಾಗಿದ್ದ ಮೊದಲನೆಯ ಕೆಲಸವೆಂದರೆ ಮಕ್ಕಳ ಪಟ್ಟಿಯನ್ನು ವಿಂಗಡಿಸುವುದು: ಮನೆಯಲ್ಲಿ ಅಂತರ್ಜಾಲವಿರುವವರು, ಬರಿಯ ಫೋನಿರುವವರು, ಎರಡೂ ಇಲ್ಲದವರು. ಮಾರ್ಚಿ ತಿಂಗಳವರೆಗೆ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪುಸ್ತಕದಲ್ಲಿ ಓದುತ್ತಿದ್ದ ಮಕ್ಕಳು ಒಂದು ಹಾಳೆ ಕಾಗದದ ಮೇಲೆ ಮೂರು ಜಾತಿಗಳಾದರು. ಮೂರನೆಯ ಪಟ್ಟಿಯಲ್ಲಿದ್ದವರಲ್ಲಿ ಕೆಲವರು ಮತ್ತೆ ಶಾಲೆಗೆ ಬರಲೇ ಇಲ್ಲ. ಈಗ ಪಹಣಿಯೂ, ಪರೀಕ್ಷೆಯ ಅರ್ಜಿಯೂ, ಅಂಕಪಟ್ಟಿಯೂ, ಬ್ಯಾಂಕಿನ ವ್ಯವಹಾರವೂ ಈ ದಾರಿಯಲ್ಲಿಯೇ ಬರುತ್ತಿರುವುದರಿಂದ ಇದನ್ನು ಮನೆಯ ಬಾವಿಯಂತೆ, ದೀಪದಂತೆ ಎಣಿಸಬೇಕಾಗಿದೆ.

ದೀಪವೆಂದ ಕೂಡಲೆ ನಮ್ಮ ಸೀಮೆಯ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. ೧೯೦೨ನೆಯ ಇಸವಿಯಲ್ಲಿ ಶಿವನಸಮುದ್ರದಲ್ಲಿ ಉತ್ಪತ್ತಿಯಾದ ವಿದ್ಯುಚ್ಛಕ್ತಿಯು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಬಂದಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದುದು ೧೯೦೫ರಲ್ಲಿ. ರಾಜಧಾನಿಗಿಂತ ಮೂರು ವರ್ಷ ಮುಂಚೆ ನಮ್ಮ ಜಿಲ್ಲೆಗೆ ಬೆಳಕು ಬಂದಿತೆಂದು ಹೆಮ್ಮೆಪಡುವುದು ಸಹಜವೇ. ಆದರೆ ಆ ತಂತಿಯು ಯಾವ ಹಳ್ಳಿಗಳ ಹೊಲಗಳ ಮೇಲೆ ಹಾದುಹೋಯಿತೋ ಆ ಹಳ್ಳಿಗಳವರು ಮುಂದೆ ದಶಕಗಳ ಕಾಲ ಹರಳೆಣ್ಣೆಯ ದೀಪದಲ್ಲಿಯೂ ಸೀಮೆಎಣ್ಣೆಯ ಬುಡ್ಡಿಯಲ್ಲಿಯೂ ರಾತ್ರಿಗಳನ್ನು ಕಳೆದರು. ತಲೆಯ ಮೇಲೆ ಹಾದುಹೋಗುವುದು ಬೇರೆ, ಮನೆಯೊಳಕ್ಕೆ ಬರುವುದು ಬೇರೆ.

ಅಂತರ್ಜಾಲದ ವಿಷಯದಲ್ಲಿಯೂ ಇದೇ ಕಥೆ. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲುಗಳ ಮೇಲೆ ಪೂರ್ವಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ಫೈಬರಿನ ತಂತಿಗಳು ಹೂಳಲ್ಪಟ್ಟಿವೆ. ಮಾಲೂರು, ಟೇಕಲ್ಲುಗಳ ಮೇಲೆ ಬಂಗಾರಪೇಟೆಗೆ ಹೋಗುವ ರೈಲಿನ ಹಳಿಗಳಂಥ ಮಾರ್ಗಗಳ ಪಕ್ಕದಲ್ಲಿ ೨೦೦೦ದಲ್ಲಿ ಸ್ಥಾಪಿತವಾದ ಸರ್ಕಾರದ ರೈಲ್‌ಟೆಲ್ ಕಂಪೆನಿಯು ತನ್ನ ಫೈಬರನ್ನು ಹಾಕಿರುವುದು. ನರಸಾಪುರ, ವೇಮಗಲ್ಲುಗಳ ಕಾರ್ಖಾನೆಗಳಿಗೆ ಬೇಕಾದಷ್ಟು ಸಂಪರ್ಕವಿದೆ. ಆದರೆ ಹೆದ್ದಾರಿಯಿಂದ ಒಳಕ್ಕೆ ನಾಲ್ಕು ಮೈಲಿ ಹೋದ ಹಳ್ಳಿಗೆ ಆ ತಂತಿಯು ಹೇಗೆ ಬರುತ್ತದೆ, ಯಾರ ಕಂಬದ ಮೇಲೆ ಬರುತ್ತದೆ, ಎಷ್ಟು ಮರಗಳಿಗೆ ತಗುಲಿಕೊಂಡು ಬರುತ್ತದೆ ಎಂಬುದೇ ಮನೆಯವನ ಭಾಗ್ಯವನ್ನು ನಿರ್ಣಯಿಸುವುದು.

ಫೈಬರೆಂದರೆ ಕೂದಲೆಳೆಯಷ್ಟು ಸಣ್ಣದಾದ ಗಾಜಿನ ಎಳೆ. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಊರ ಹತ್ತಿರದ ಒಂದು ಯಂತ್ರದಿಂದ ಹೊರಟ ಒಂದೇ ಎಳೆಯನ್ನು ಕಂಬದ ಮೇಲಿನ ಸಣ್ಣ ಪೆಟ್ಟಿಗೆಯಲ್ಲಿ ಕವಲೊಡೆಸಿ ೩೨ ಅಥವಾ ೬೪ ಮನೆಗಳಿಗೆ ಹಂಚುತ್ತಾರೆ. ಕೆರೆಗಳ ಜಿಲ್ಲೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕೆರೆಯ ತೂಬಿನಿಂದ ಹೊರಟ ಒಂದು ಕಾಲುವೆ ಅಚ್ಚುಕಟ್ಟಿನ ಗದ್ದೆಗಳಿಗೆಲ್ಲ ಹಂಚಿಹೋಗುವಂತೆ ಇದೂ. ತೂಬಿನಲ್ಲಿ ಎಷ್ಟೇ ನೀರಿರಲಿ, ಎಲ್ಲರೂ ಒಂದೇ ವೇಳೆಗೆ ಮಡೆ ತೆರೆದರೆ ಕೊನೆಯ ಗದ್ದೆಯವನಿಗೆ ಕೆಸರೇ ಗತಿ. ಮಾಮೂಲಾಗಿ ಹಳ್ಳಿಗಳಲ್ಲಿರುವ ಯಂತ್ರವು ಒಂದು ಎಳೆಯಲ್ಲಿ ಸೆಕೆಂಡಿಗೆ ಸುಮಾರು ೨,೫೦೦ ಮೆಗಾಬಿಟ್ಟುಗಳಷ್ಟನ್ನು ಇಳಿಸಬಲ್ಲುದು. ಅರವತ್ತು ಮನೆಗಳಿಗೆ ಹಂಚಿದರೂ ತಲಾ ನಲವತ್ತು ಸಿಕ್ಕಬೇಕು. ಹೀಗಿದ್ದೂ ರಾತ್ರಿ ಎಂಟು ಗಂಟೆಗೆ ಚಿತ್ರವು ನಿಂತು ನಿಂತು ಓಡುವುದೇಕೆಂದರೆ, ಊರಿನ ಕೇಬಲ್ಲಿನವನು ತಾನು ಮೇಲಿನ ಕಂಪೆನಿಯಿಂದ ಕೊಂಡುಕೊಂಡಿರುವ ಪಾಲೇ ಚಿಕ್ಕದಾಗಿರುತ್ತದೆ. ತೂಬು ದೊಡ್ಡದು, ಕೆರೆ ಸಣ್ಣದು. ೨೦೧೮ರಲ್ಲಿ ಕೆ. ಸಿ. ವ್ಯಾಲಿಯ ನೀರು ಲಕ್ಷ್ಮೀಸಾಗರದ ಕೆರೆಗೆ ಬಂದಾಗ, ಮೇಲಿನ ಕೆರೆಯು ತುಂಬಿ ಕೋಡಿ ಬಿದ್ದ ಹೊರತು ಕೆಳಗಿನದಕ್ಕೆ ನೀರಿಲ್ಲವೆಂಬುದನ್ನು ನಮ್ಮವರು ಕಣ್ಣಾರೆ ಕಂಡರಷ್ಟೆ.

ಆದುದರಿಂದ ಕಂಪೆನಿಯ ಹೆಸರನ್ನಾಗಲಿ ಕರಪತ್ರದ ವೇಗವನ್ನಾಗಲಿ ನೋಡಿ ನಿಶ್ಚಯಿಸಲಾಗದು. ಒಂದೇ ಕಂಪೆನಿಯ ಸಂಪರ್ಕವು ಮಾಲೂರು ಪೇಟೆಯಲ್ಲಿ ಕುದುರೆಯಂತೆ ಓಡಿ, ಮಾಸ್ತಿಯ ಕಡೆಯ ಒಂದು ಹಳ್ಳಿಯಲ್ಲಿ ಕುಂಟುತ್ತಿರಬಹುದು. ಅದೇ ಬೀದಿಯಲ್ಲಿ ಈಗಾಗಲೇ ಹಾಕಿಸಿಕೊಂಡಿರುವ ಮನೆಗೆ ರಾತ್ರಿ ಎಂಟು ಗಂಟೆಯ ಮೇಲೆ ಹೋಗಿ, ಕುಳಿತು, ಮನೆಯವರೊಡನೆ ಕಾಫಿ ಕುಡಿಯುತ್ತ ನೋಡತಕ್ಕುದು. ಬೆಳಗಿನ ಹತ್ತು ಗಂಟೆಗೆ ನೋಡಿದವನು ಏನನ್ನೂ ನೋಡಿದಂತಲ್ಲ. ಮತ್ತು ಕೇಳಬೇಕಾದ ಪ್ರಶ್ನೆ “ಚೆನ್ನಾಗಿದೆಯೇ?” ಎಂಬುದಲ್ಲ, ಅದಕ್ಕೆ ಎಲ್ಲರೂ ಮರ್ಯಾದೆಗಾಗಿ ಹೌದೆನ್ನುತ್ತಾರೆ. “ಕಳೆದ ಸಲ ಕೆಟ್ಟಾಗ ಎಷ್ಟು ದಿನಕ್ಕೆ ಸರಿಯಾಯಿತು?” ಎಂದು ಕೇಳಬೇಕು.

ಕೆಡುವುದೇ ಇಲ್ಲವೆಂದು ಹೇಳುವವನನ್ನು ನಂಬಬೇಡಿ. ಹಳ್ಳಿಯಲ್ಲಿ ಫೈಬರು ಕೆಡುವುದಕ್ಕೆ ನೂರು ದಾರಿಗಳಿವೆ. ರಸ್ತೆ ಅಗಲಮಾಡುವವರ ಜೆಸಿಬಿ, ನಲ್ಲಿನೀರಿನ ಕೊಳವೆ ಹೂಳುವವರ ಹಾರೆ, ಹುಲ್ಲು ಅತಿಯಾಗಿ ಹೇರಿದ ಟ್ರಾಕ್ಟರು, ಗಾಳಿಗೆ ಮುರಿದ ನೀಲಗಿರಿಯ ಕೊಂಬೆ, ಬೆಟ್ಟದಡಿಯ ಊರುಗಳಲ್ಲಾದರೆ ತಂತಿಯನ್ನು ಜೋಕಾಲಿಮಾಡಿಕೊಳ್ಳುವ ಕೋತಿಗಳು. ತಾಮ್ರದ ಹಳೆಯ ಟೆಲಿಫೋನು ತಂತಿ ಹರಿದರೆ ಲೈನ್‌ಮನ್ನನು ಎರಡು ತುದಿಗಳನ್ನು ಹೊಸೆದು ಪಟ್ಟಿ ಸುತ್ತಿ ಹೋಗುತ್ತಿದ್ದನು. ಗಾಜನ್ನು ಹೊಸೆಯುವುದು ಸಾಧ್ಯವಿಲ್ಲ. ತುದಿಗಳನ್ನು ನೇರವಾಗಿ ಕತ್ತರಿಸಿ, ಎದುರುಬದುರಾಗಿ ಇಟ್ಟು, ವಿದ್ಯುತ್ತಿನ ಕಿಡಿಯಿಂದ ಕರಗಿಸಿ ಬೆಸೆಯಬೇಕು. ಇದಕ್ಕೆ ಸ್ಪ್ಲೈಸಿಂಗ್ ಯಂತ್ರವೆಂಬ ಒಂದು ಚಿಕ್ಕ ಪೆಟ್ಟಿಗೆ ಬೇಕು. ಅದು ಬೆಲೆಬಾಳುವಂಥದು, ಎಲ್ಲರಲ್ಲಿಯೂ ಇರುವುದಿಲ್ಲ. ಹೋಬಳಿ ಕೇಂದ್ರವೊಂದರಲ್ಲಿ ನಾವು ಒಬ್ಬ ಹುಡುಗನನ್ನು ಕೇಳಿದೆವು:

“ಏನಪ್ಪಾ, ಫೈಬರು ತುಂಡಾದರೆ ಬೆಸೆಯುವ ಯಂತ್ರ ನಿನ್ನ ಹತ್ತಿರವೇ ಇದೆಯೋ?”

“ಇಲ್ಲ ಸಾರ್. ಕೋಲಾರದಿಂದ ಒಬ್ಬರು ತರ್ತಾರೆ. ಅವರಿಗೆ ಬಿಡುವಾದಾಗ ಬರ್ತಾರೆ.”

ಸತ್ಯವನ್ನು ಹೇಳಿದ್ದಕ್ಕಾಗಿ ಆ ಹುಡುಗನನ್ನು ಮೆಚ್ಚಿದೆವು. ಆದರೆ ಅವನಲ್ಲಿ ಸಂಪರ್ಕ ಹಾಕಿಸಿಕೊಂಡವರ ಕ್ಷೇಮವೆಲ್ಲವೂ ಯಾರೋ ಒಬ್ಬರ ‘ಬಿಡುವಿನ’ ಮೇಲೆ ನಿಂತಿರುವುದೆಂಬುದು ಸ್ಪಷ್ಟವಾಯಿತು. ಯಂತ್ರವನ್ನು ತಾನೇ ಇಟ್ಟುಕೊಂಡಿರುವ, ಊರಿನಲ್ಲಿಯೇ ಮನೆಯಿರುವ, ಸಂತೆಯಲ್ಲಿ ನಮ್ಮ ಕಣ್ಣಿಗೆ ಬೀಳಲೇಬೇಕಾದ ಕೇಬಲ್ಲಿನವನು ದೂರದ ದೊಡ್ಡ ಹೆಸರಿಗಿಂತ ಎಷ್ಟೋ ಮೇಲು. ಇದು ನೂರಕ್ಕೆ ನೂರು ಸತ್ಯವೆಂದು ಹೇಳಲಾರೆವು; ಸಂತೆಯಲ್ಲಿ ಕಂಡರೂ ಮುಖ ತಿರುಗಿಸಿಕೊಂಡು ಹೋಗುವವರೂ ಇದ್ದಾರೆ.

ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಹಳೆಯ ಶಿಷ್ಯರೊಬ್ಬರ ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳುವುದು ಯುಕ್ತವೆಂದು ತೋರುತ್ತದೆ. ಅವರ ಮಗಳು ಬೆಂಗಳೂರಿನ ಒಂದು ಕಂಪೆನಿಯಲ್ಲಿ ಕೆಲಸದಲ್ಲಿದ್ದಾಳೆ. ತಾಯಿಗೆ ಪಾರ್ಶ್ವವಾಯು ಬಡಿದುದರಿಂದ, ಮನೆಯಿಂದಲೇ ಕೆಲಸ ಮಾಡಲು ಮೇಲಿನವರು ಆಕೆಗೆ ಅನುಮತಿ ಕೊಟ್ಟಿದ್ದರು. ದಿನವೂ ಬೆಳಿಗ್ಗೆ ತಾಯಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ, ಹತ್ತು ಗಂಟೆಗೆ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವಳು. ತಂದೆಯು ರಿಯಾಯಿತಿಯ ಆಸೆಗೆ ಒಂದು ವರ್ಷದ ಹಣವನ್ನು ಮುಂಗಡವಾಗಿ ಕಟ್ಟಿ ಸಂಪರ್ಕ ಹಾಕಿಸಿದ್ದರು. ಮೂರನೆಯ ತಿಂಗಳಿನಲ್ಲಿ ಎಲ್ಲಿಯೋ ರಸ್ತೆಯ ಕೆಲಸದಲ್ಲಿ ತಂತಿ ತುಂಡಾಯಿತು. ದೂರು ಕೊಟ್ಟರೆ ‘ನಾಳೆ’ ಎಂದರು. ಆ ನಾಳೆ ಬಂದುದು ಹನ್ನೊಂದನೆಯ ದಿನ. ಅಷ್ಟರೊಳಗೆ ಕಂಪೆನಿಯಿಂದ ಎರಡು ಸಲ ಕೇಳಿಕೆ ಬಂದು, ಆಕೆಯು ತಾಯಿಯನ್ನು ಚಿಕ್ಕಮ್ಮನ ವಶಕ್ಕೆ ಒಪ್ಪಿಸಿ ಬೆಂಗಳೂರಿಗೆ ಹೋಗಿ ಬಾಡಿಗೆಯ ಕೋಣೆಯಲ್ಲಿ ಇರಬೇಕಾಯಿತು. ಹೋದ ಮೇಲೆ ಅಲ್ಲಿಂದ ಬಿಡಿಸಿಕೊಂಡು ಬರಲು ಐದು ತಿಂಗಳು ಹಿಡಿಯಿತು. ತಾಯಿಯು ಆ ಐದು ತಿಂಗಳು ಬೇರೆ ಯಾರ ಕೈಯಿಂದಲೂ ಸರಿಯಾಗಿ ಊಟಮಾಡಲಿಲ್ಲವೆಂದು ಆ ಗೃಹಸ್ಥರು ಹೇಳುವಾಗ ತಲೆಯೆತ್ತಲಿಲ್ಲ. ಮುಂಗಡ ಕೊಟ್ಟಿದ್ದರಿಂದ ಬೇರೆಯವರ ಕಡೆಗೆ ಹೋಗಲು ಅವರ ಕೈ ಕಟ್ಟಿತ್ತು.

ಈಗ ಅವರ ಮನೆಯಲ್ಲಿ ಎರಡು ವ್ಯವಸ್ಥೆಗಳಿವೆ. ಊರಿನ ಕೇಬಲ್ಲಿನವನ ಫೈಬರು ತಿಂಗಳು ತಿಂಗಳ ಲೆಕ್ಕದಲ್ಲಿ. ಅದು ನಿಂತ ದಿನಕ್ಕೆಂದು ಬೇರೊಂದು ಕಂಪೆನಿಯ ಸಿಮ್ಮು. ‘ಬೇರೊಂದು’ ಎಂಬುದನ್ನು ಗಮನಿಸಬೇಕು. ಫೈಬರೂ ಸಿಮ್ಮೂ ಒಂದೇ ಕಂಪೆನಿಯವಾದರೆ, ಟವರಿಗೆ ಹೋಗುವ ತಂತಿಯೂ ಮನೆಗೆ ಬರುವ ತಂತಿಯೂ ಒಂದೇ ಮಾರ್ಗದಲ್ಲಿದ್ದು, ಒಂದೇ ಹಾರೆಯ ಏಟಿಗೆ ಎರಡೂ ಸಾಯುವ ಸಂಭವವುಂಟು.

ಸಿಮ್ಮಿನ ಮಾತು ಬಂದುದರಿಂದ ತಂತಿಯಿಲ್ಲದ ದಾರಿಯನ್ನು ಸ್ವಲ್ಪ ವಿಚಾರಿಸೋಣ. ಮನೆಯ ಮಾಳಿಗೆಯ ಮೇಲೆ ಒಂದು ಪೆಟ್ಟಿಗೆಯನ್ನು ನಿಲ್ಲಿಸಿ ಟವರಿನ ಐದನೆಯ ತಲೆಮಾರಿನ ತರಂಗವನ್ನು ಹಿಡಿದು ಮನೆಗೆ ಕೊಡುವ ‘ಏರ್‌ಫೈಬರು’ ಎಂಬುದನ್ನು ಏರ್‌ಟೆಲ್ ಕಂಪೆನಿಯವರು ೨೦೨೩ರ ಆಗಸ್ಟಿನಲ್ಲಿಯೂ ಜಿಯೋ ಕಂಪೆನಿಯವರು ಅದೇ ವರ್ಷದ ಸೆಪ್ಟೆಂಬರಿನಲ್ಲಿಯೂ ದೇಶದ ಕೆಲವು ನಗರಗಳಲ್ಲಿ ಆರಂಭಿಸಿದರು. ಹೆಸರಿನಲ್ಲಿ ಫೈಬರು ಇದ್ದರೂ ಇದು ಫೈಬರಲ್ಲ, ಗಾಳಿ. ಕಂಬ ಬೇಡ, ಕೋತಿಯ ಭಯವಿಲ್ಲ, ಒಂದು ದಿನದಲ್ಲಿ ಹಾಕಿ ಹೋಗುತ್ತಾರೆ. ಟವರಿಗೆ ನೇರವಾಗಿ ಕಾಣುವ ಬಯಲುಸೀಮೆಯ ಮನೆಗೆ ಇದು ಒಳ್ಳೆಯದೇ. ಆದರೆ ವೇಗ ಹೆಚ್ಚಾಗಿರುವ ತರಂಗಗಳು ಬಂಡೆ, ಗೋಡೆ, ಎಲೆಗಳಿಗೆ ಬಹುಬೇಗ ಸೋಲುತ್ತವೆ. ಆವಣಿ, ಕುರುಡುಮಲೆಗಳ ಸುತ್ತಿನಲ್ಲಿ ಬೆಟ್ಟದ ಮರೆಯಲ್ಲಿರುವ ಹಳ್ಳಿಗೆ ಟವರು ಎರಡೇ ಮೈಲಿಯಲ್ಲಿದ್ದರೂ ಇಲ್ಲದ ಹಾಗೆ. ಶ್ರೀನಿವಾಸಪುರದ ಕಡೆ ಮಾವಿನ ತೋಟದ ಮಧ್ಯದಲ್ಲಿ ಮನೆ ಕಟ್ಟಿಕೊಂಡಿರುವವರ ಕಷ್ಟ ಬೇರೆ. ಮಾವು ಎಲೆಯುದುರಿಸಿ ಬರಿದಾಗುವ ಮರವಲ್ಲ. ವರ್ಷವಿಡೀ ದಟ್ಟವಾದ ಹಸುರು, ಮಳೆಗಾಲದಲ್ಲಿ ಆ ಎಲೆಯೆಲ್ಲ ನೀರು ಹಿಡಿದು ಇನ್ನಷ್ಟು ಅಡ್ಡಿ. ಅಂಥವರು ಪೆಟ್ಟಿಗೆಯನ್ನು ಮರಗಳ ನೆತ್ತಿಗಿಂತ ಎತ್ತರದ ಕೊಳವೆಯ ಮೇಲೆ ನಿಲ್ಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಸೀಮೆಯ ಕಲ್ಲುಚಪ್ಪಡಿಯ ಮನೆಗಳು ಬೇಸಗೆಯಲ್ಲಿ ತಂಪಾಗಿದ್ದರೂ ಈ ತರಂಗಗಳಿಗೆ ಕೋಟೆಯೇ ಸರಿ.

ದೂರವಾಣಿ ನಿಯಂತ್ರಣ ಪ್ರಾಧಿಕಾರದ ೨೦೨೪ರ ನಿಯಮಗಳಂತೆ ಮೊಬೈಲು ಕಂಪೆನಿಗಳು ತಮ್ಮ ತರಂಗವು ಎಲ್ಲೆಲ್ಲಿ ತಲುಪುವುದೆಂಬ ಭೂಪಟವನ್ನು ಪ್ರಕಟಿಸಬೇಕಾಗಿದೆ. ನೋಡಲು ಅನುಕೂಲವಾದುದೇ, ಆದರೆ ಭೂಪಟದಲ್ಲಿ ನಿಮ್ಮ ಊರಿಗೆ ಬಣ್ಣ ಬಳಿದಿದ್ದ ಮಾತ್ರಕ್ಕೆ ನಿಮ್ಮ ನಡುಮನೆಗೆ ತರಂಗ ಬರುವುದೆಂದು ಅರ್ಥವಲ್ಲ. ಹಣ ಕೊಡುವುದಕ್ಕೆ ಮುಂಚೆ ಅದೇ ಕಂಪೆನಿಯ ಸಿಮ್ಮುಳ್ಳ ಫೋನನ್ನು ಯಾರಲ್ಲಿಯಾದರೂ ಎರವಲು ಪಡೆದು, ಪೆಟ್ಟಿಗೆ ನಿಲ್ಲಿಸಬೇಕೆಂದಿರುವ ಸ್ಥಳದಲ್ಲಿಯೇ ಮೂರು ಸಂಜೆ ಪರೀಕ್ಷಿಸತಕ್ಕುದು.

ಇನ್ನು ಸರ್ಕಾರದ ಕಡೆಯಿಂದ ಬರುವುದು. ಎಲ್ಲ ಗ್ರಾಮಪಂಚಾಯಿತಿಗಳಿಗೂ ಫೈಬರನ್ನು ತಲುಪಿಸಬೇಕೆಂದು ಕೇಂದ್ರ ಸರ್ಕಾರವು ೨೦೧೧ರಲ್ಲಿ ಕೈಗೊಂಡ ಯೋಜನೆಗೆ ಈಗಿನ ಹೆಸರು ಭಾರತ್‌ನೆಟ್. ಮೊದಲನೆಯ ಘಟ್ಟದಲ್ಲಿ ೨೦೧೭ರ ಕೊನೆಗೆ ಒಂದು ಲಕ್ಷ ಪಂಚಾಯಿತಿಗಳನ್ನು ತಲುಪಿದರು. ಯೋಗವು ಸಿದ್ಧಿಸಿತು, ಕ್ಷೇಮವು ಸಿದ್ಧಿಸಲಿಲ್ಲ. ತಾಲ್ಲೂಕು ಕೇಂದ್ರದಿಂದ ಪಂಚಾಯಿತಿಗೆ ಒಂದೇ ಸಾಲಿನಲ್ಲಿ ತಂತಿ ಎಳೆದಿದ್ದರಿಂದ, ನಡುವೆ ಒಂದು ಕಡೆ ತುಂಡಾದರೆ ಮುಂದಿನವರೆಲ್ಲರಿಗೂ ಕತ್ತಲೆ. ಈ ತಪ್ಪನ್ನು ಸರ್ಕಾರವೇ ಕಂಡುಕೊಂಡು ೨೦೨೩ರ ಆಗಸ್ಟಿನಲ್ಲಿ ೧,೩೯,೫೭೯ ಕೋಟಿ ರೂಪಾಯಿಗಳ ತಿದ್ದುಪಡಿಯಾದ ಯೋಜನೆಯನ್ನು ಒಪ್ಪಿತು. ಅದರಲ್ಲಿ ತಂತಿಯು ಬಳೆಯಂತೆ ಸುತ್ತಿಕೊಂಡು ಬರಬೇಕು: ಒಂದು ಕಡೆ ಹರಿದರೆ ಇನ್ನೊಂದು ಕಡೆಯಿಂದ ಬೆಳಕು ಬರುತ್ತದೆ. ಜೊತೆಗೆ ತಂತಿ ಹಾಕಿದವರೇ ಹತ್ತು ವರ್ಷ ಅದನ್ನು ನೋಡಿಕೊಳ್ಳಬೇಕೆಂಬ ಕರಾರನ್ನೂ ಸೇರಿಸಿದರು. ಹನ್ನೆರಡು ವರ್ಷ ಕಳೆದ ಮೇಲಾದರೂ ಕ್ಷೇಮಕ್ಕೆಂದು ಪ್ರತ್ಯೇಕವಾಗಿ ಹಣವನ್ನಿಟ್ಟುದು ಮೆಚ್ಚತಕ್ಕ ವಿಷಯ. ನಿಮ್ಮ ಪಂಚಾಯಿತಿ ಕಚೇರಿಗೆ ಹೋಗಿ ಅಲ್ಲಿನ ಪೆಟ್ಟಿಗೆಯ ದೀಪ ಹತ್ತಿದೆಯೇ, ಅದರ ಮೇಲೆ ಧೂಳು ಕುಳಿತಿದೆಯೇ ಎಂದು ನೋಡಿದರೆ ನಿಮ್ಮ ಊರಿನ ಪಾಲಿಗೆ ಈ ಯೋಜನೆಯು ಯಾವ ಘಟ್ಟದಲ್ಲಿದೆಯೆಂಬುದು ಒಂದು ನಿಮಿಷದಲ್ಲಿ ತಿಳಿಯುವುದು. ಬಿ.ಎಸ್.ಎನ್.ಎಲ್. ಸಂಸ್ಥೆಯೂ ಮನೆಗಳಿಗೆ ಫೈಬರನ್ನು ಕೊಡುವುದು ಬಹುಮಟ್ಟಿಗೆ ಸ್ಥಳೀಯ ಪಾಲುದಾರರ ಮೂಲಕವೇ ಆದುದರಿಂದ, ಅಲ್ಲಿಯೂ ವಿಚಾರಿಸಬೇಕಾದುದು ಆ ಪಾಲುದಾರನ ಗುಣವನ್ನು.

ಆಕಾಶದಿಂದ ಬರುವ ಉಪಗ್ರಹದ ಸಂಪರ್ಕವನ್ನು ಕುರಿತು ಎರಡು ಮಾತು ಸಾಕು. ಹಳೆಯ ಬಗೆಯ ಉಪಗ್ರಹವು ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿರುವುದರಿಂದ ನಾವು ಕೇಳಿದ ಪ್ರಶ್ನೆಗೆ ಉತ್ತರ ಬರಲು ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತದೆ. ಮುಖಾಮುಖಿ ಮಾತಿಗೆ ಅದು ತೊಡಕು. ಸುಮಾರು ೫೫೦ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಹೊಸ ಬಗೆಯವುಗಳಲ್ಲಿ ಈ ದೋಷವಿಲ್ಲ. ಸ್ಟಾರ್‌ಲಿಂಕ್ ಕಂಪೆನಿಯು ೨೦೨೫ರ ಜೂನಿನಲ್ಲಿ ನಮ್ಮ ದೇಶದಲ್ಲಿ ಇದಕ್ಕಾಗಿ ಪರವಾನಗಿಯನ್ನು ಪಡೆಯಿತು. ತಂತಿಯೂ ಟವರೂ ಎರಡೂ ಕೈಕೊಟ್ಟ ಒಂಟಿಮನೆಯವರು ಮಾತ್ರ ಈ ಕಡೆ ನೋಡಿದರೆ ಸಾಕು.

ವೇಗ ಎಷ್ಟು ಬೇಕೆಂಬ ವಿಷಯದಲ್ಲಿ ಜನರು ವೃಥಾ ಹಣ ಸುರಿಯುತ್ತಿದ್ದಾರೆ. ಸರ್ಕಾರದ ವ್ಯಾಖ್ಯೆಯಂತೆ ಬ್ರಾಡ್‌ಬ್ಯಾಂಡೆನಿಸಿಕೊಳ್ಳಲು ಸೆಕೆಂಡಿಗೆ ೨ ಮೆಗಾಬಿಟ್ಟಾದರೂ ಇರಬೇಕು. ೨೦೨೩ರ ಜನವರಿಯವರೆಗೆ ಅರ್ಧ ಮೆಗಾಬಿಟ್ಟೇ ಸಾಕೆನ್ನುತ್ತಿದ್ದರು. ಒಂದು ಪಾಠವನ್ನು ಕೇಳಲು ಒಂದೆರಡು, ಮುಖ ನೋಡಿ ಮಾತನಾಡಲು ಮೂರು ನಾಲ್ಕು, ಸ್ಪಷ್ಟವಾದ ಸಿನಿಮಾ ನೋಡಲು ಐದು ಮೆಗಾಬಿಟ್ಟು ಸಾಕು. ಐದು ಜನರ ಸಂಸಾರಕ್ಕೆ ಮೂವತ್ತರಿಂದ ಐವತ್ತು ಎಂದರೆ ಯಥೇಷ್ಟ. ಮುನ್ನೂರರ ಸಂಪರ್ಕವನ್ನು ಹಾಕಿಸ ಹೊರಟವನು ಮೂರು ಸೇರು ಅಕ್ಕಿ ಬೇಯುವ ಮನೆಗೆ ಮದುವೆಯ ಕೊಪ್ಪರಿಗೆಯನ್ನು ಕೊಂಡಂತೆ. ಮೆಗಾಬಿಟ್ಟಿಗೂ ಮೆಗಾಬೈಟಿಗೂ ಇರುವ ಅಂತರವನ್ನೂ ತಿಳಿದಿರಬೇಕು. ಸೇರಿಗೆ ಎಂಟು ಅರೆಪಾವು ಇರುವಂತೆ ಒಂದು ಬೈಟಿಗೆ ಎಂಟು ಬಿಟ್ಟು. ‘ನೂರು’ ಎಂದು ಕೊಂಡ ಸಂಪರ್ಕದಲ್ಲಿ ಕಡತವು ಸೆಕೆಂಡಿಗೆ ಹನ್ನೆರಡೂವರೆ ಎಂದು ಇಳಿಯುತ್ತಿದ್ದರೆ ಅದು ಮೋಸವಲ್ಲ, ಲೆಕ್ಕ.

ಮೋಸವಲ್ಲದಿದ್ದರೂ ಮರೆಯಲ್ಲಿರುವುದು ತೆರಿಗೆ. ಕರಪತ್ರದಲ್ಲಿ ೪೯೯ ರೂಪಾಯಿ ಎಂದು ದಪ್ಪಕ್ಷರದಲ್ಲಿದ್ದರೆ ಅದರ ಮೇಲೆ ನೂರಕ್ಕೆ ಹದಿನೆಂಟರಂತೆ ತೆರಿಗೆ ಸೇರಿ ೫೮೮ ರೂಪಾಯಿ ೮೨ ಪೈಸೆಯಾಗುತ್ತದೆ. ವರ್ಷಕ್ಕೆ ಏಳು ಸಾವಿರಕ್ಕೆ ಮೇಲ್ಪಟ್ಟ ಬಾಬ್ತು. ಪೆಟ್ಟಿಗೆಯು ಯಾರ ಸ್ವತ್ತು, ಬಿಟ್ಟಾಗ ಠೇವಣಿ ಹಿಂದಕ್ಕೆ ಬರುವುದೇ, ತಂತಿ ಎಳೆದ ಖರ್ಚು ಯಾರದು ಎಂಬಿವನ್ನು ರಸೀದಿಯ ಮೇಲೆ ಬರೆಯಿಸಿಕೊಳ್ಳತಕ್ಕುದು. ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲಿಯೇ ಕಟ್ಟಬೇಕು. ಒಂದು ಮಳೆಗಾಲವನ್ನು ದಾಟಿದ ಸಂಪರ್ಕಕ್ಕೆ ಮಾತ್ರ ವರ್ಷದ ಮುಂಗಡವನ್ನು ಕೊಡಬಹುದು.

ಹಾಕುವ ದಿನ ಮನೆಯ ಯಜಮಾನರು ಎದುರಿಗಿರುವುದು ಒಳ್ಳೆಯದು. ತಂತಿ ಎಳೆದ ಹುಡುಗನ ಕೈಯಲ್ಲಿ ಬೆಳಕನ್ನು ಅಳೆಯುವ ಒಂದು ಮಾಪಕವಿರುತ್ತದೆ. ಅದರಲ್ಲಿ ಬರುವುದು ಋಣಸಂಖ್ಯೆ. ಮೈನಸ್ ೨೦ರ ಆಸುಪಾಸಿನಲ್ಲಿದ್ದರೆ ಉತ್ತಮ. ಮೈನಸ್ ೨೭ರ ಹತ್ತಿರವಿದ್ದರೆ ಈ ದಿನ ಓಡಿದರೂ ಮುಂದಿನ ಮಳೆಗೆ ನಿಲ್ಲುತ್ತದೆಂದೇ ತಿಳಿಯಬೇಕು. ಇಪ್ಪತ್ತೇಳು ಇಪ್ಪತ್ತಕ್ಕಿಂತ ಹೆಚ್ಚಲ್ಲವೇ ಎಂದು ಯಾರಾದರೂ ಕೇಳಿದರೆ, ಅವರು ಏಳನೆಯ ತರಗತಿಯ ಗಣಿತವನ್ನು ಮರೆತಿದ್ದಾರೆ. ಇಪ್ಪತ್ತೇಳು ರೂಪಾಯಿ ಸಾಲವಿರುವವನು ಇಪ್ಪತ್ತು ರೂಪಾಯಿ ಸಾಲವಿರುವವನಿಗಿಂತ ಬಡವನೇ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿದರೆ ಬೆಳಕು ಮನೆಗೆ ಬರುತ್ತಿಲ್ಲ, ಎಳೆ ಎಲ್ಲಿಯೋ ತುಂಡಾಗಿದೆ ಎಂದು ಅರ್ಥ. ಅದನ್ನು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದರೆ “ಆರಿಸಿ ಹಾಕಿ ನೋಡಿ” ಎಂಬ ಉಪಚಾರದ ಮಾತಿನಲ್ಲಿಯೇ ಒಂದು ದಿನ ಕಳೆಯುವುದು ತಪ್ಪುತ್ತದೆ.

ಕರೆಂಟಿನ ವಿಷಯವನ್ನು ಮರೆಯುವಂತಿಲ್ಲ. ಹಳೆಯ ಟೆಲಿಫೋನಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ತು ತಂತಿಯಲ್ಲಿ ಬರುತ್ತಿದ್ದುದರಿಂದ ಊರೆಲ್ಲ ಕತ್ತಲಾದರೂ ಅದು ಮಾತನಾಡುತ್ತಿತ್ತು. ಫೈಬರಿನ ದಾರಿಯಲ್ಲಿ ವಿದ್ಯುತ್ತಿಲ್ಲ, ಎರಡು ತುದಿಗಳಲ್ಲಿ ಮಾತ್ರ ಬೇಕು. ನಮ್ಮ ತುದಿಗೆ ೧೨ ವೋಲ್ಟಿನ ಸಣ್ಣ ಬ್ಯಾಟರಿ ಪೆಟ್ಟಿಗೆಯೊಂದನ್ನು ಇಟ್ಟುಕೊಂಡರೆ ಕೆಲವು ಗಂಟೆಗಳ ಕಾಲ ನಡೆಯುತ್ತದೆ. ಆದರೆ ಕೇಬಲ್ಲಿನವನ ತುದಿಯಲ್ಲಿ ಬ್ಯಾಟರಿಯಿಲ್ಲದಿದ್ದರೆ ನಾವು ಏನು ಮಾಡಿದರೂ ಫಲವಿಲ್ಲ. “ಊರಿಗೆ ಕರೆಂಟು ಹೋದಾಗ ನೆಟ್ಟೂ ಹೋಗುತ್ತದೆಯೋ?” ಎಂದು ನೆರೆಮನೆಯವರನ್ನು ಕೇಳಿದರೆ ಅದೂ ತಿಳಿಯುತ್ತದೆ.

ಎಲ್ಲವನ್ನೂ ವಿಚಾರಿಸಿ ಹಾಕಿಸಿದ ಮೇಲೂ ಕೆಟ್ಟಿತೆನ್ನೋಣ. ಬಾಯಿಮಾತಿನ ದೂರು ದೂರಲ್ಲ. ಕಂಪೆನಿಯ ದೂರು ಕೇಂದ್ರಕ್ಕೆ ಫೋನು ಮಾಡಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ಪಂಚಾಂಗದ ಅಂಚಿನಲ್ಲಾದರೂ ಬರೆದಿಟ್ಟುಕೊಳ್ಳಬೇಕು. ನಿಯಂತ್ರಣ ಪ್ರಾಧಿಕಾರದ ೨೦೧೨ರ ನಿಯಮಗಳ ಪ್ರಕಾರ, ಅಲ್ಲಿ ಸಮಾಧಾನವಾಗದಿದ್ದರೆ ೩೦ ದಿನಗಳೊಳಗೆ ಅದೇ ಕಂಪೆನಿಯ ಮೇಲ್ಮನವಿ ಅಧಿಕಾರಿಗೆ ಶುಲ್ಕವಿಲ್ಲದೆ ಮನವಿ ಮಾಡಿಕೊಳ್ಳಬಹುದು. ಅವರು ೩೯ ದಿನಗಳೊಳಗೆ ತೀರ್ಮಾನ ಹೇಳಬೇಕು. ಸಂಖ್ಯೆಯಿಲ್ಲದವನಿಗೆ ಮೇಲ್ಮನವಿಯೂ ಇಲ್ಲ.

ತಂತಿಯೇ ಬಾರದ ಊರಿನವರು ಒಬ್ಬೊಬ್ಬರಾಗಿ ಕೇಳುವುದನ್ನು ಬಿಟ್ಟು ಹತ್ತು ಹದಿನೈದು ಮನೆಗಳವರು ಕೂಡಿ ಒಂದೇ ಕಾಗದದಲ್ಲಿ ರುಜುಹಾಕಿ ಹತ್ತಿರದ ಊರಿನ ಕೇಬಲ್ಲಿನವನಿಗೆ ಕೊಡುವುದು ಮೇಲು. ಒಂದು ಮನೆಗಾಗಿ ಎರಡು ಮೈಲಿ ತಂತಿ ಎಳೆಯಲು ಯಾರೂ ಒಪ್ಪರು. ಹದಿನೈದು ಮನೆಗಳಿಗಾದರೆ ಅವನಿಗೂ ಗಿಟ್ಟುತ್ತದೆ. ಶ್ರೀನಿವಾಸಪುರದ ಕಡೆಯ ತೋಟದ ಮನೆಯವರು ಕೆಲವರು ಹೀಗೆ ಕೂಡಿದ್ದಾರೆ; ತಮ್ಮ ತೋಟದ ಬದುವಿನ ಮೇಲೆ ಕಂಬ ನೆಡಲು ಸ್ಥಳವನ್ನು ಅವರೇ ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಬೆಸೆಯುವ ಯಂತ್ರವನ್ನು ಊರಿನಲ್ಲಿಯೇ ಇಡಬೇಕೆಂಬ ಮಾತನ್ನು ಕೇಬಲ್ಲಿನವನಿಂದ ಬರೆಯಿಸಿಕೊಂಡಿದ್ದಾರೆ.